ಪರ್ಸೆಫನಿಯ ದಾಳಿಂಬೆ, ಸಿರಿಯ ಸೀರೆ

ದುಬೈ ಮಾಲ್‌ನ ಕಿನೊಕುನಿಯಾದಂಥ ಪುಸ್ತಕ ಮಳಿಗೆಯಲ್ಲಿ ಹದಿಹರೆಯದವರ ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತರೆ, ಗ್ರೀಕ್ ದೇವತೆಗಳಿಗೆ ಮತ್ತೆ ಹರೆಯ ಬಂದಿರುವುದು ತಿಳಿಯುತ್ತದೆ. ರಿಕ್ ರಿಯೊರ್ಡನ್ 2005ರಲ್ಲಿ ಆರಂಭಿಸಿದ ಪರ್ಸಿ ಜಾಕ್ಸನ್ ಸಾಹಸಗಳನ್ನು ಓದಿ ಬೆಳೆದ ಮಕ್ಕಳು ಹದಿನಾಲ್ಕು, ಹದಿನೈದಕ್ಕೆ ಬರುವಾಗ ಪ್ರೇಮಕಥೆಗಳತ್ತ ಹೊರಳುತ್ತಾರೆ. ಅಲ್ಲಿ ಅವರಿಗಾಗಿ ಕಾದಿರುವವಳು ಪರ್ಸೆಫನಿ. ನ್ಯೂಜಿಲೆಂಡಿನ ರೇಚೆಲ್ ಸ್ಮೈತ್ 2018ರಲ್ಲಿ ಮೊಬೈಲ್ ಪರದೆಗೆಂದೇ ಬರೆಯತೊಡಗಿದ ‘ಲೋರ್ ಒಲಿಂಪಸ್’ ಚಿತ್ರಧಾರಾವಾಹಿ ಅವಳನ್ನೂ ಪಾತಾಳದ ದೊರೆ ಹೇಡೀಸನನ್ನೂ ಜಗತ್ತಿನ ಹುಡುಗಿಯರ ಮಾತಿನೊಳಗೆ ತಂದಿತು. ದುಬೈ, ಅಬುಧಾಬಿಯ ಕನ್ನಡ ಮನೆಗಳ ಹುಡುಗಿಯರೂ ಅದಕ್ಕೆ ಹೊರತಲ್ಲ.

‘ನಮ್ಮ ಪುರಾಣ ಬಿಟ್ಟು ಗ್ರೀಕರ ದೇವರ ಹಿಂದೆ ಬಿದ್ದಿದ್ದಾರೆ’ ಎನ್ನುವುದು ಹೆತ್ತವರ ಕೊರಗು. ಈ ಕೊರಗಿಗೆ ಉತ್ತರಿಸುವ ಮೊದಲು ಕಥೆಯನ್ನು ಒಮ್ಮೆ ಸರಿಯಾಗಿ ಕೇಳಿಸಿಕೊಳ್ಳಬೇಕು. ಹೋಮರನ ಹೆಸರಿನಲ್ಲಿ ಉಳಿದಿರುವ ಪ್ರಾಚೀನ ಸ್ತೋತ್ರದಲ್ಲಿ ಪರ್ಸೆಫನಿ ಹೂ ಕೊಯ್ಯುತ್ತಿರುವಾಗ ಹೇಡೀಸ್ ಅವಳನ್ನು ಹೊತ್ತೊಯ್ಯುತ್ತಾನೆ. ಅದಕ್ಕೆ ತಂದೆ ಜ್ಯೂಸ್‌ನ ಒಪ್ಪಿಗೆ ಇದೆ. ಮಗಳನ್ನು ಯಾರೂ ಕೇಳಿಲ್ಲ. ತಾಯಿ ಡಿಮೀಟರ್‌ಳ ದುಃಖಕ್ಕೆ ಭೂಮಿ ಬಂಜೆಯಾಗುತ್ತದೆ. ಮಗಳು ಮರಳುತ್ತಾಳೆ, ಆದರೆ ಪಾತಾಳದಲ್ಲಿ ದಾಳಿಂಬೆಯ ಕಾಳು ತಿಂದಿದ್ದರಿಂದ ವರ್ಷದ ಮೂರರಲ್ಲೊಂದು ಪಾಲು ಅಲ್ಲೇ ಇರಬೇಕು, ಉಳಿದ ಕಾಲ ತಾಯಿಯ ಬಳಿ.

ಹತ್ತು ತಿಂಗಳು ಒಂದು ಕಡೆ, ಎರಡು ತಿಂಗಳು ಇನ್ನೊಂದು ಕಡೆ ಬದುಕುವ ಗಲ್ಫ್‌ನ ಹುಡುಗಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕೇ? ಪರ್ಸೆಫನಿ ಇಲ್ಲದ ಬಂಜೆ ಕಾಲ ಗ್ರೀಸಿನ ಒಣ ಬೇಸಿಗೆಯೇ ಎನ್ನುವ ವಿದ್ವಾಂಸರೂ ಇದ್ದಾರೆ. ದುಬೈಯಲ್ಲೂ ಜುಲೈ, ಆಗಸ್ಟ್‌ನಲ್ಲಿ ಬಿಸಿಲು 45 ಡಿಗ್ರಿ ಮುಟ್ಟುವ ಹೊತ್ತಿಗೇ ಅವಳು ಮಂಗಳೂರಿನ ವಿಮಾನ ಹತ್ತಿ ಮಳೆಯ ಹಸಿರಿಗೆ ಇಳಿಯುತ್ತಾಳೆ. ಅಮ್ಮನಿಗೆ ಅದು ಊರು. ದುಬೈಯ ಅಲ್ ನಹ್ದಾದಲ್ಲೋ ಅಬುಧಾಬಿಯ ಮುಸಫಾದಲ್ಲೋ ಬೆಳೆದ ಮಗಳಿಗೆ ಊರು ಯಾವುದು? ಅವಳ ವಾಸದ ವೀಸಾ ಅಪ್ಪನದೋ ಅಮ್ಮನದೋ ವೀಸಾಕ್ಕೆ ಅಂಟಿಕೊಂಡಿದೆ. ಯುಎಇಯ 2022ರ ನಿಯಮದಂತೆ ಹುಡುಗರಿಗೆ ಆ ಆಸರೆ 25ರವರೆಗೆ, ಹುಡುಗಿಯರಿಗೆ ಮದುವೆಯಾಗುವ ತನಕ. ಅಪ್ಪನ ಕೆಲಸ ಹೋದರೆ ಅವಳ ಶಾಲೆ, ಗೆಳತಿಯರು, ಕೋಣೆಯ ಕಿಟಕಿ ಎಲ್ಲವೂ ಹೋಗಬಹುದು. ಎಲ್ಲಿರಬೇಕು ಎಂಬುದನ್ನು ಬೇರೆಯವರು ತೀರ್ಮಾನಿಸುವ ಬದುಕಿನಲ್ಲಿ, ದಾಳಿಂಬೆಯನ್ನು ತಾನಾಗಿ ಆರಿಸಿ ತಿನ್ನುವ ಹೊಸ ಕಾಲದ ಪರ್ಸೆಫನಿ ಅವಳಿಗೆ ಹತ್ತಿರದವಳಾದರೆ ಅದು ಮೋಹವಲ್ಲ, ಗುರುತು.

ಹೆತ್ತವರ ಆತಂಕದಲ್ಲಿ ಹುರುಳಿರುವ ಜಾಗವೂ ಒಂದಿದೆ. ಸ್ಕಾರ್ಲೆಟ್ ಸೇಂಟ್ ಕ್ಲೇರ್ ಅವರ ‘ಎ ಟಚ್ ಆಫ್ ಡಾರ್ಕ್‌ನೆಸ್’ (2019) ಇದೇ ಜೋಡಿಯ ಕಥೆ, ಆದರೆ ವಯಸ್ಕರಿಗಾಗಿ ಬರೆದದ್ದು. ಮುಖಪುಟ ನೋಡಿ ವ್ಯತ್ಯಾಸ ಹೇಳುವುದು ಕಷ್ಟ. ಅಪಹರಣವನ್ನು ಪ್ರೇಮವಾಗಿ ತಿದ್ದಿ ಬರೆಯುವಾಗ ಒಪ್ಪಿಗೆಯ ಪ್ರಶ್ನೆಯನ್ನು ಕೆಲವು ಲೇಖಕರು ಎದುರಿಸುತ್ತಾರೆ, ಕೆಲವರು ಗಂಡಸಿನ ಹಟವನ್ನೇ ಒಲವೆಂದು ಬಣ್ಣಿಸಿ ಮುಂದೆ ಹೋಗುತ್ತಾರೆ. ಪುಸ್ತಕ ಕಿತ್ತುಕೊಂಡರೆ ಈ ವ್ಯತ್ಯಾಸ ಮಗಳಿಗೆ ತಿಳಿಯದು. ಜೊತೆಗೆ ಕೂತು ಓದಬೇಕು.

ಆದರೆ ‘ಇದರ ಬದಲು ಇದನ್ನು ಓದು’ ಎಂದು ಕೊಡಲು ನಮ್ಮ ಕೈಯಲ್ಲಿ ಏನಿದೆ? ಕನ್ನಡದಲ್ಲಿ ಪುರಾಣ ಚಿಕ್ಕ ಮಕ್ಕಳಿಗೆ ಚಿತ್ರದ ಪುಸ್ತಕವಾಗಿ ಸಿಗುತ್ತದೆ, ದೊಡ್ಡವರಿಗೆ ‘ಪರ್ವ’ದಂಥ ಕಾದಂಬರಿಯಾಗಿ ಸಿಗುತ್ತದೆ. ನಡುವಿನ ಆರೇಳು ವರ್ಷ ಹೆಚ್ಚುಕಡಿಮೆ ಖಾಲಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಕೂಡ ನೋಡುವುದು ಬರೆಯುವವರ ವಯಸ್ಸನ್ನು, ಓದುವವರದನ್ನಲ್ಲ. ದುಬೈಯಲ್ಲಿ ಕನ್ನಡ ಮಿತ್ರರು ನಡೆಸುವ ಪಾಠಶಾಲೆ ಮಕ್ಕಳಿಗೆ ಉಚಿತವಾಗಿ ಅಕ್ಷರ ಕಲಿಸುತ್ತಿದೆ. ಅಂಥ ದೊಡ್ಡ ಕೆಲಸದ ನಂತರ ಆ ಅಕ್ಷರಕ್ಕೆ ಓದಲು ತಕ್ಕ ಕಥೆಯೂ ಬೇಕಲ್ಲವೇ.

ಹಾಗೆಂದು ಹಳೆಯ ಕಥೆಯನ್ನು ಹೊಸದಾಗಿ ಹೇಳುವ ವಿದ್ಯೆ ನಮಗೆ ಬಾರದ್ದಲ್ಲ. ಸೋಫೋಕ್ಲೀಸನ ಏಜಾಕ್ಸ್‌ನ ದುರಂತವನ್ನು ಬಿ.ಎಂ.ಶ್ರೀ. 1929ರಲ್ಲಿ ‘ಅಶ್ವತ್ಥಾಮನ್’ ಆಗಿಸಿದರು. ಗ್ರೀಕರಿಂದ ಪಡೆದದ್ದನ್ನು ಮಹಾಭಾರತದ ಮಣ್ಣಿನಲ್ಲಿ ಬಿತ್ತಿದರು. 1961ರಲ್ಲಿ ‘ಯಯಾತಿ’ ಪ್ರಕಟವಾದಾಗ ಗಿರೀಶ ಕಾರ್ನಾಡರಿಗೆ ಇಪ್ಪತ್ತಮೂರರ ಆಸುಪಾಸು. ಬರೆದವನು ವಿದೇಶಕ್ಕೆ ಹೊರಟ ತರುಣ, ಅವನ ಮೇಲೆ ಹೆತ್ತವರ ನಿರೀಕ್ಷೆಯ ಭಾರ, ನಾಟಕದೊಳಗೆ ತಂದೆಗೆ ತನ್ನ ಯೌವನವನ್ನೇ ಕೊಡಬೇಕಾದ ಪುರು: ನನ್ನ ಮಟ್ಟಿಗೆ ಅದು ಹರೆಯದವರದೇ ನಾಟಕ. ನಾವು ಅದನ್ನು ಪಠ್ಯಕ್ಕೂ ವಿಮರ್ಶೆಗೂ ಒಪ್ಪಿಸಿ, ಹರೆಯದ ಓದುಗರಿಂದ ದೂರ ಇಟ್ಟೆವು.

ಗಲ್ಫ್‌ಗೆ ಹೋದ ಕನ್ನಡಿಗರಲ್ಲಿ ಕರಾವಳಿಯವರು ಬಹಳ. ಅವರ ಹಿತ್ತಿಲಲ್ಲೇ ಸಿರಿ ಇದ್ದಾಳೆ. ತುಳು ಜನಪದ ಕಥನಗೀತೆಯಾದ ಪಾಡ್ದನದ ಸಿರಿಗೆ ಬಸುರಿಯ ಬಯಕೆಯ ಸೀರೆಯನ್ನು ಗಂಡ ಕಾಂತು ಪೂಂಜ ತರುತ್ತಾನೆ. ಅದನ್ನು ಮೊದಲು ಸೂಳೆಯ ಮನೆಯಲ್ಲಿ ಬಿಚ್ಚಿ ತೋರಿಸಿ ಬಂದಿದ್ದಾನೆ. ಸಿರಿ ಆ ಸೀರೆ ಉಡುವುದಿಲ್ಲ. ಕೂಸನ್ನೆತ್ತಿಕೊಂಡು ಗಂಡನನ್ನು ತೊರೆಯುತ್ತಾಳೆ, ‘ಬರ’ (ವಿಚ್ಛೇದನ) ಕೇಳುತ್ತಾಳೆ, ಮುಂದೆ ಇನ್ನೊಂದು ಮದುವೆಯೂ ಆಗುತ್ತಾಳೆ. ಅವಳ ಮೊಮ್ಮಕ್ಕಳು ಅಬ್ಬಗ, ದಾರಗ ಚೆನ್ನೆಮಣೆ ಆಡುತ್ತ ಜಗಳವಾಡಿ ಸಾಯುವ ಅವಳಿ ಹುಡುಗಿಯರು. ಗೋಪಾಲ ನಾಯ್ಕರು ಹಾಡಿದ ಈ ಮಹಾಕಾವ್ಯವನ್ನು ಫಿನ್‌ಲೆಂಡಿನ ಲೌರಿ ಹೊಂಕೊ ತಂಡ 1998ರಲ್ಲಿ ಗ್ರಂಥವಾಗಿಸಿ ಜಗತ್ತಿನ ಮುಂದಿಟ್ಟಿತು. ಹದಿನೈದರ ಹುಡುಗಿ ಒಂದೇ ಉಸಿರಿಗೆ ಓದಬಹುದಾದ ಕಾದಂಬರಿಯಾಗಿ ಅದನ್ನು ಅವಳ ಕೈಗಿಡುವ ಕೆಲಸ ನಮ್ಮದು.

ಸಿರಿ ಜಾತ್ರೆಗಳು ನಡೆಯುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಹುಣ್ಣಿಮೆಗಳಲ್ಲಿ. ಆಗ ಅಬುಧಾಬಿಯ ಹುಡುಗಿಗೆ ಪರೀಕ್ಷೆ. ಮೇ ಕೊನೆಯಲ್ಲಿ ಬರುವ ತುಳುನಾಡಿನ ಪತ್ತನಾಜೆ ದಿನಕ್ಕೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳು ನಿಲ್ಲುತ್ತವೆ. ಜುಲೈಯಲ್ಲಿ ಅವಳು ಬಂದಿಳಿಯುವ ಊರಿನಲ್ಲಿ ಮೇಳದ ಚೆಂಡೆಯಿಲ್ಲ, ಕೋಲವಿಲ್ಲ, ಹೊರಗೆ ಎಡೆಬಿಡದ ಮಳೆ. ಜಗಲಿಯಲ್ಲಿ ಕೂತು ಅವಳು ಮೊಬೈಲ್‌ನಲ್ಲಿ ಪರ್ಸೆಫನಿಯ ಮುಂದಿನ ಕಂತು ತೆರೆಯುತ್ತಾಳೆ.