ಪೌತಿಯಾದ ಜಾಲಗಳ ನಂಬರಿಗೆ ಬೀಗ ಹಾಕಿ

ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಇಂಟರ್ನೆಟ್ ಹೋದರೆ ಜನ ಮೊದಲು ಕೇಳುವುದು ‘ಕೇಬಲ್ ಎಲ್ಲಿ ಕಟ್ಟಾಯ್ತು?’ ಎಂದು. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣ ಶುರುವಾದ ಮೇಲೆ ಜೆಸಿಬಿಯ ಹಲ್ಲಿಗೆ ಫೈಬರ್ ಸಿಕ್ಕಿದ ಸುದ್ದಿ ಕರಾವಳಿಯಲ್ಲಿ ಮಾಮೂಲಾಯಿತು. ಮಳೆಗಾಲದಲ್ಲಿ ಗುಡ್ಡ ಜರಿದರೂ ಮರ ಬಿದ್ದರೂ ಅದೇ ಕತೆ. ಕಡಿದ ಕೇಬಲ್ ಕಣ್ಣಿಗೆ ಬೀಳುತ್ತದೆ, ಜೋಡಿಸುವವರು ಬರುತ್ತಾರೆ. ಆದರೆ ಕೇಬಲ್ ನೆಟ್ಟಗಿದ್ದೂ ಅದರಲ್ಲಿ ಹರಿಯುವ ಮಾಹಿತಿ ದಾರಿ ತಪ್ಪಿ ಬೇರೆ ಯಾರದೋ ಕೈಸೇರುವ ಕೇಡೊಂದಿದೆ. ಅದಕ್ಕೆ ಬೇಕಾದ ಸಾಮಗ್ರಿ ಸರ್ಕಾರಿ ಮತ್ತು ಅಂತಾರಾಷ್ಟ್ರೀಯ ದಾಖಲೆಗಳಲ್ಲಿ ವರ್ಷಗಟ್ಟಲೆಯಿಂದ ಬಿದ್ದುಕೊಂಡಿದೆ. ಬಾಗಿಲು ಮುಚ್ಚಿದ ಜಾಲಗಳ ಹೆಸರಿನಲ್ಲಿ ಇನ್ನೂ ಉಳಿದಿರುವ ನಂಬರುಗಳೇ ಆ ಸಾಮಗ್ರಿ.

ಈ ಮಲಗಿದ ನಂಬರುಗಳನ್ನು ಏನು ಮಾಡಬೇಕು ಎಂಬ ಬಗ್ಗೆ ಜಾಲ ನಡೆಸುವವರ ನಡುವೆ ಬಹಳ ಕಾಲದಿಂದ ಜಗಳವಿದೆ. ‘ಇದ್ದರೆ ಇರಲಿ ಬಿಡಿ, ಅವು ಯಾರ ತಂಟೆಗೂ ಬರುವುದಿಲ್ಲ’ ಎನ್ನುವವರದೇ ಈವರೆಗೆ ಮೇಲುಗೈ. ಅವರ ಮಾತು ತಪ್ಪು ಎಂದು ನಾನು ಹೇಳುತ್ತೇನೆ. ಆ ತಪ್ಪಿನ ಬೆಲೆ ತೆರುವವರಲ್ಲಿ ಸಣ್ಣ ಊರಿನ ಸಣ್ಣ ಆಪರೇಟರೂ ಅವನ ಗಿರಾಕಿಗಳೂ ಮುಂದಿನ ಸಾಲಿನಲ್ಲಿದ್ದಾರೆ.

ನಂಬರುಗಳು ಎರಡು ಬಗೆ. ಒಂದು ಐಪಿ ವಿಳಾಸಗಳ ಗುಚ್ಛ, ಇನ್ನೊಂದು ಆ ಗುಚ್ಛವನ್ನು ನಡೆಸುವ ಜಾಲದ ಗುರುತಾದ ಎಎಸ್ ನಂಬರ್. ಏಷ್ಯಾ ಮತ್ತು ಪೆಸಿಫಿಕ್ ಭಾಗಕ್ಕೆ ಇವುಗಳ ದಫ್ತರ ಇಟ್ಟುಕೊಂಡಿರುವುದು ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿರುವ ಎಪಿನಿಕ್. ಭಾರತದಲ್ಲಿ 2012ರಿಂದ ಈ ಕೆಲಸವನ್ನು ಮುಖ್ಯವಾಗಿ ನೋಡಿಕೊಳ್ಳುತ್ತಿರುವುದು ನಿಕ್ಸಿ ಸಂಸ್ಥೆಯ ಅಂಗವಾದ ಇರಿನ್. ಜಾಲಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವುದು ಬಿಜಿಪಿ ಎಂಬ ಪದ್ಧತಿಯಿಂದ. ‘ಈ ವಿಳಾಸಗಳು ನನ್ನ ಬಳಿ ಇವೆ’ ಎಂದು ಒಂದು ಜಾಲ ಸಾರುತ್ತದೆ. ಪಕ್ಕದ್ದು ನಂಬಿ ಮುಂದಿನದಕ್ಕೆ ಹೇಳುತ್ತದೆ. ಕೆಲವೇ ನಿಮಿಷಗಳಲ್ಲಿ ಲೋಕಕ್ಕೆಲ್ಲ ಗೊತ್ತಾಗುತ್ತದೆ. ಸಾರಿದವನು ನಿಜವಾದ ಹಕ್ಕುದಾರನೇ ಎಂದು ನೋಡುವ ಏರ್ಪಾಡು ಮೂಲ ವಿನ್ಯಾಸದಲ್ಲಿ ಇರಲೇ ಇಲ್ಲ.

ಈ ನಂಬಿಕೆ ಎಷ್ಟು ತೆಳು ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಗಳಿವೆ. 2015ರ ನವೆಂಬರ್ 6ರಂದು ಏರ್‌ಟೆಲ್‌ನ ಜಾಲ ತನ್ನದಲ್ಲದ ಸುಮಾರು 16 ಸಾವಿರ ಗುಚ್ಛಗಳನ್ನು ತನ್ನವೆಂದು ಸಾರಿತು. 2021ರ ಏಪ್ರಿಲ್ 16ರಂದು ವೊಡಾಫೋನ್ ಐಡಿಯಾ ಜಾಲ 30 ಸಾವಿರಕ್ಕೂ ಹೆಚ್ಚು ಗುಚ್ಛಗಳ ವಿಷಯದಲ್ಲಿ ಅದೇ ಎಡವಟ್ಟು ಮಾಡಿತು. ಹತ್ತು ನಿಮಿಷದ ಆ ಅವಧಿಯಲ್ಲಿ ಜಗತ್ತಿನ ಎಲ್ಲೆಲ್ಲಿಯದೋ ಮಾಹಿತಿ ಅದರ ಕಡೆ ನುಗ್ಗಿ ಬಂತು. ಅದಕ್ಕೂ ಹಿಂದೆ, 2008ರ ಫೆಬ್ರುವರಿ 24ರಂದು, ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೊರಟ ಪಾಕಿಸ್ತಾನ ಟೆಲಿಕಾಂ ಜಗತ್ತಿನ ಬಹುಭಾಗದಲ್ಲಿ ಅದನ್ನು ಸುಮಾರು ಎರಡು ಗಂಟೆ ಮಾಯ ಮಾಡಿತ್ತು. ಇವೆಲ್ಲ ಬದುಕಿರುವ ಜಾಲಗಳ ತಪ್ಪುಗಳು. ವಿಳಾಸಗಳ ನಿಜವಾದ ಒಡೆಯರು ಎಚ್ಚರವಿದ್ದರು, ಕೂಗು ಹಾಕಿದರು, ಆ ಕಡೆ ಫೋನ್ ಎತ್ತುವವರೂ ಇದ್ದರು. ಹಾಗಾಗಿ ನಿಮಿಷಗಳಲ್ಲಿ ಇಲ್ಲವೇ ಗಂಟೆಗಳಲ್ಲಿ ಸರಿಹೋಯಿತು.

ಒಡೆಯನೇ ಇಲ್ಲದ ವಿಳಾಸವನ್ನು ಯಾರಾದರೂ ತಮ್ಮದೆಂದು ಸಾರಿದರೆ?

ನಮ್ಮ ಜಿಲ್ಲೆಯಲ್ಲಿ ಪಹಣಿ ತೆಗೆಸಿದವರಿಗೆ ಇದರ ಮರ್ಮ ಹೇಳಿಕೊಡಬೇಕಿಲ್ಲ. ಅಜ್ಜ ತೀರಿಹೋಗಿ ಮೂವತ್ತು ವರ್ಷವಾದರೂ ಜಮೀನು ಅವರ ಹೆಸರಿನಲ್ಲೇ ಇರುತ್ತದೆ. ಪೌತಿ ಖಾತೆ ಮಾಡಿಸುವ ಗೋಜಿಗೆ ಯಾರೂ ಹೋಗಿರುವುದಿಲ್ಲ. ಸುಳ್ಳು ವಂಶವೃಕ್ಷ ಬರೆಸುವವನು ಹುಡುಕುವುದು ಅಂಥ ಸರ್ವೆ ನಂಬರನ್ನೇ. ಬದುಕಿರುವ ಮಾಲೀಕ ತಕರಾರು ತೆಗೆಯುತ್ತಾನೆ, ಸತ್ತವನು ತೆಗೆಯುವುದಿಲ್ಲ.

ಚಿಕ್ಕ ಊರುಗಳಲ್ಲಿ ಇಂಥ ನಂಬರುಗಳು ಹುಟ್ಟುವ ಬಗೆ ಹೀಗೆ. ಇಂಟರ್ನೆಟ್ ಸೇವೆಯ ಲೈಸೆನ್ಸಿನಲ್ಲಿ ಎ, ಬಿ, ಸಿ ದರ್ಜೆಗಳಿವೆ. ಎ ಇಡೀ ದೇಶಕ್ಕೆ, ಬಿ ಒಂದು ಟೆಲಿಕಾಂ ವಲಯಕ್ಕೆ, ಸಿ ಅದರೊಳಗಿನ ಒಂದು ಚಿಕ್ಕ ಪ್ರದೇಶಕ್ಕೆ. ನಮ್ಮ ಮೂರೂ ತಾಲ್ಲೂಕು ಅದರಲ್ಲಿ ಕಾರವಾರದ ಲೆಕ್ಕಕ್ಕೆ ಸೇರುತ್ತವೆ. ಟಿವಿ ಕೇಬಲ್ ಎಳೆದವರು ಅದೇ ಕಂಬಗಳ ಮೇಲೆ ಇಂಟರ್ನೆಟ್ಟನ್ನೂ ಎಳೆದರು. ಹಲವರು ದೊಡ್ಡ ಕಂಪನಿಗಳ ಫ್ರಾಂಚೈಸಿಗಳಾದರು. ಸ್ವಂತ ಕಾಲ ಮೇಲೆ ನಿಲ್ಲಬೇಕೆಂದವರು ದೇಶದ ನೂರಾರು ಪಟ್ಟಣಗಳಲ್ಲಿ ಲೈಸೆನ್ಸ್ ತೆಗೆದುಕೊಂಡರು, ಎಎಸ್ ನಂಬರ್ ಪಡೆದರು, ಜೊತೆಗೆ 256ರದೋ 512ರದೋ ಒಂದು ಸಣ್ಣ ಗುಚ್ಛ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು, ಲೆಕ್ಕಾಚಾರ ಬುಡಮೇಲಾಯಿತು. ಕೆಲವರು ಮುಚ್ಚಿದರು, ಕೆಲವರು ಮಾರಿದರು, ಕೆಲವರು ಮತ್ತೆ ಫ್ರಾಂಚೈಸಿಗಳಾದರು. ಗಿರಾಕಿಗಳೂ ಕೇಬಲ್ಲೂ ಹೊಸ ಒಡೆಯನ ಪಾಲಾದವು. ನಂಬರಿನ ಕಾಗದ ಮಾತ್ರ ಯಾವುದೋ ಕಪಾಟಿನಲ್ಲಿ ಉಳಿಯಿತು.

ಆ ಮೇಲೆ ಆಗುವುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಇಲ್ಲಿ ಅಸಾಧಾರಣ ಜಾಣತನವೇನೂ ಬೇಕಾಗಿಲ್ಲ. ದಾಖಲೆಯಲ್ಲಿ ಸಂಪರ್ಕಕ್ಕೆಂದು ಕೊಟ್ಟ ಇಮೇಲ್ ಕಂಪನಿಯ ಸ್ವಂತ ಡೊಮೇನಿನದು. ಕಂಪನಿ ಮುಚ್ಚಿದ ಮೇಲೆ ಡೊಮೇನಿನ ವಾರ್ಷಿಕ ಹಣ ಯಾರೂ ಕಟ್ಟುವುದಿಲ್ಲ, ಅದು ಮಾರುಕಟ್ಟೆಗೆ ಬರುತ್ತದೆ. ದೂರದ ಯಾವನೋ ಕೆಲವು ನೂರು ರೂಪಾಯಿಗೆ ಅದನ್ನು ಕೊಳ್ಳುತ್ತಾನೆ. ಈಗ ಆ ಇಮೇಲ್ ಅವನದು. ಲೆಟರ್‌ಹೆಡ್ ತಯಾರಿಸಿ, ‘ಈ ಗುಚ್ಛವನ್ನು ಸಾರಲು ಅನುಮತಿಯಿದೆ’ ಎಂಬ ಪತ್ರದೊಂದಿಗೆ, ಬ್ಯಾಂಡ್‌ವಿಡ್ತ್ ಮಾರುವ ಯಾವುದೋ ಅಪ್‌ಸ್ಟ್ರೀಮ್ ಕಂಪನಿಯ ಬಾಗಿಲು ತಟ್ಟುತ್ತಾನೆ. ಅದು ದಾಖಲೆಯಲ್ಲಿರುವ ಇಮೇಲಿಗೆ ಬರೆದು ಕೇಳುತ್ತದೆ. ಉತ್ತರ ಅವನೇ ಕೊಡುತ್ತಾನೆ. ಅಲ್ಲಿಗೆ ಸತ್ತ ಜಾಲ ಮತ್ತೆ ಎದ್ದು ಕೂತಿತು. ಯಾವ ಕಪ್ಪುಪಟ್ಟಿಯಲ್ಲೂ ಇಲ್ಲದ, ಒಳ್ಳೆಯ ಹೆಸರಿನ ವಿಳಾಸಗಳಿಂದ ಸ್ಪ್ಯಾಮ್, ನಕಲಿ ಬ್ಯಾಂಕ್ ಪುಟ, ಏನು ಬೇಕಾದರೂ ಹೊರಡಬಹುದು.

ಇದು ಕಲ್ಪನೆಯ ಮಾತಲ್ಲ. ಪೋರ್ಚುಗಲ್‌ನ ಬಿಟ್‌ಕೆನಾಲ್ ಎಂಬ ಕಂಪನಿ ವರ್ಷಗಳ ಕಾಲ ಪರರ ವಿಳಾಸಗಳನ್ನು ಕದ್ದು ಸಾರುತ್ತಲೇ ಇತ್ತು. 2018ರ ಜುಲೈನಲ್ಲಿ ಅದರ ಅಪ್‌ಸ್ಟ್ರೀಮ್‌ಗಳು ಒಂದೊಂದಾಗಿ ಸಂಪರ್ಕ ಕಡಿದ ಮೇಲಷ್ಟೇ ಅದು ನಿಂತಿತು. ಆಫ್ರಿಕಾ ಖಂಡದ ನೋಂದಣಿ ಸಂಸ್ಥೆ ಆಫ್ರಿನಿಕ್‌ನದು ಇನ್ನೂ ಘೋರ. ಅಲ್ಲಿ ಕಳ್ಳತನ ಒಳಗಿನಿಂದಲೇ ನಡೆದದ್ದು 2019ರಲ್ಲಿ ಬಯಲಾಯಿತು. ಸಂಸ್ಥೆಯೇ 2021ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಅಕ್ರಮವಾಗಿ ಕೈಬದಲಾದ ವಿಳಾಸಗಳು ಸುಮಾರು 41 ಲಕ್ಷ. ಅದರಲ್ಲೊಂದು ದೊಡ್ಡ ಪಾಲು ಹಳೆಯ ಕಾಲದಲ್ಲಿ ಕೊಟ್ಟು, ಯಾರೂ ಕಣ್ಣಿಡದೆ ಬಿಟ್ಟಿದ್ದ ಗುಚ್ಛಗಳು. ಕದಿಯಲು ಕಾರಣವೂ ಇತ್ತು. ಹಳೆಯ ಬಗೆಯ ಐಪಿ ವಿಳಾಸಗಳು ಒಟ್ಟು 429 ಕೋಟಿ. ಜಾಗತಿಕ ದಾಸ್ತಾನು 2011ರ ಫೆಬ್ರುವರಿ 3ರಂದೇ ಮುಗಿದಿದೆ. 2021ರ ಕೊನೆಗೆ ಮಾರುಕಟ್ಟೆಯಲ್ಲಿ ಒಂದೊಂದು ವಿಳಾಸದ ಬೆಲೆ 50 ಡಾಲರ್ ದಾಟಿತ್ತು. ಆ ದರದಲ್ಲಿ 256 ವಿಳಾಸದ ಗುಚ್ಛವೆಂದರೆ ಸುಮಾರು ಹತ್ತು ಲಕ್ಷ ರೂಪಾಯಿಯ ಆಸ್ತಿ.

‘ಈಗ ಆರ್‌ಪಿಕೆಐ ಬಂದಿದೆಯಲ್ಲ, ಇನ್ನೇನು ಭಯ?’ ಎಂದು ತಂತ್ರಜ್ಞರು ಕೇಳುತ್ತಾರೆ. ಇಂಥ ಗುಚ್ಛವನ್ನು ಇಂಥ ಎಎಸ್ ನಂಬರ್ ಮಾತ್ರ ಸಾರಬಹುದು ಎಂದು ಹಕ್ಕುದಾರ ಡಿಜಿಟಲ್ ಸಹಿ ಹಾಕಿ ಇಡುವ ಏರ್ಪಾಡು ಅದು; ಆ ಸಹಿಪತ್ರಕ್ಕೆ ರೋವಾ ಎನ್ನುತ್ತಾರೆ. ಒಳ್ಳೆಯದೇ, ಎಲ್ಲರೂ ಮಾಡಬೇಕಾದದ್ದೇ. ಆದರೆ ಮಲಗಿದ ಜಾಲದ ವಿಷಯದಲ್ಲಿ ಇದೇ ಕಳ್ಳನಿಗೆ ಯೋಗ್ಯತಾಪತ್ರವಾಗುತ್ತದೆ. ಮುಚ್ಚಿದ ಕಂಪನಿಯ ಹಳೆಯ ರೋವಾ ಹಾಗೇ ಉಳಿದಿದೆ ಎಂದುಕೊಳ್ಳಿ. ಕಳ್ಳ ಆ ಗುಚ್ಛವನ್ನು ಸಾರುವಾಗ ದಾರಿಯ ತುದಿಗೆ ಸತ್ತ ಜಾಲದ ಎಎಸ್ ನಂಬರನ್ನೇ ಅಂಟಿಸುತ್ತಾನೆ. ಮೂಲವನ್ನಷ್ಟೇ ಪರೀಕ್ಷಿಸುವ ರೂಟರ್ ಸಹಿ ಸರಿಯಿದೆಯೆಂದು ಒಪ್ಪಿಕೊಳ್ಳುತ್ತದೆ. ಬದುಕಿರುವ ಜಾಲವಾದರೆ ಅದರ ನಿಜವಾದ ಘೋಷಣೆಯೂ ಎದುರಿಗಿರುತ್ತದೆ, ಎರಡು ದಾರಿಗಳ ನಡುವೆ ಪೈಪೋಟಿಯಾಗುತ್ತದೆ, ಅನುಮಾನ ಹುಟ್ಟುತ್ತದೆ. ಇಲ್ಲಿ ಎದುರಾಳಿಯೇ ಇಲ್ಲ. ನಮ್ಮ ಅತ್ಯುತ್ತಮ ರಕ್ಷಣೆಯನ್ನೇ ಈ ಮಲಗಿದ ದಾಖಲೆ ತಿರುಗುಬಾಣ ಮಾಡುತ್ತದೆ. ‘ಇದ್ದರೆ ಇರಲಿ’ ಎನ್ನುವವರು ಈ ಒಂದು ಸಂಗತಿಗೆ ಉತ್ತರ ಕೊಡಲಿ.

ಇದರ ಪೆಟ್ಟು ಕುಮಟಾದ ಮನೆಗೆ ತಟ್ಟುವುದು ಸುದ್ದಿಯಾಗುವ ರೀತಿಯಲ್ಲಿ ಅಲ್ಲ. ದುರ್ಬಳಕೆಯಾದ ಗುಚ್ಛ, ಸ್ಪ್ಯಾಮ್ ಮೇಲೆ ಕಣ್ಣಿಡುವ ಸ್ಪ್ಯಾಮ್‌ಹೌಸ್‌ನಂಥವರ ತಡೆಪಟ್ಟಿಗೆ ಸೇರುತ್ತದೆ. ಮುಂದೆ ಅದೇ ವಿಳಾಸಗಳು ಸರಿಯಾದ ದಾರಿಯಲ್ಲೇ ಒಬ್ಬ ಪ್ರಾಮಾಣಿಕ ಆಪರೇಟರ್ ಕೈಗೆ ಬಂದರೂ ಕಳಂಕ ಜೊತೆಗೇ ಬರುತ್ತದೆ. ಅವನ ಗಿರಾಕಿಗೆ ಬ್ಯಾಂಕಿನ ಪುಟ ತೆರೆಯುವುದಿಲ್ಲ, ಕಳಿಸಿದ ಇಮೇಲ್ ತಲುಪುವುದಿಲ್ಲ, ಪ್ರತಿ ಸೈಟಿನಲ್ಲೂ ‘ನೀವು ರೋಬಾಟ್ ಅಲ್ಲವೆಂದು ಸಾಬೀತುಮಾಡಿ’ ಎಂಬ ಕಾಟ. ವಿಳಾಸಗಳ ಬರದಿಂದ ಚಿಕ್ಕ ಆಪರೇಟರ್ ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿರುತ್ತಾನೆ; ಆ ಒಂದು ವಿಳಾಸ ಕೆಟ್ಟರೆ ಕೇರಿಗೆ ಕೇರಿಯೇ ಕೆಟ್ಟಿತು. ದುಬೈಯಲ್ಲಿ, ಸೌದಿಯಲ್ಲಿ ದುಡಿಯುವ ಮಗನ ಜೊತೆ ದಿನವೂ ವಿಡಿಯೊದಲ್ಲಿ ಮಾತಾಡುವ ಭಟ್ಕಳದ ತಾಯಿಗೂ, ಯುಪಿಐ ನಂಬಿ ಮೀನು ಮಾರುವ ಹೊನ್ನಾವರದ ಹೆಂಗಸಿಗೂ ಯಾವುದೋ ದಿನ ‘ಕನೆಕ್ಷನ್ ಸರಿಯಿಲ್ಲ’ ಎಂದಷ್ಟೇ ಗೊತ್ತಾಗುತ್ತದೆ. ಅವರು ಬೈಯುವುದು ಊರಿನ ಕೇಬಲ್ ಹುಡುಗನನ್ನು.

ಎದುರು ವಾದಗಳಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಎಎಸ್ ನಂಬರಿಗೆ ಬರವಿಲ್ಲ ಎನ್ನುವುದು ನಿಜ. ಮೊದಲು 65,536 ಇದ್ದದ್ದು 2007ರಿಂದ 32 ಬಿಟ್‌ಗೆ ವಿಸ್ತರಿಸಿತು. ಈಗ 400 ಕೋಟಿ ದಾಟುತ್ತದೆ. ಆದರೆ ನನ್ನ ದೂರು ನಂಬರು ವ್ಯರ್ಥವಾಗಿದೆ ಎಂದಲ್ಲ, ಕಾವಲಿಲ್ಲದೆ ಬಿದ್ದಿದೆ ಎಂದು. ಹೊರಗಿನ ದಾರಿಪಟ್ಟಿಯಲ್ಲಿ ಕಾಣದ ನಂಬರೆಲ್ಲ ಸತ್ತದ್ದಲ್ಲ, ಒಳಬಳಕೆಯಲ್ಲಿ ಇರಬಹುದು ಎನ್ನುವುದೂ ನಿಜವೇ. ಹಾಗಿದ್ದರೆ ಹೋಗಿ ಕೇಳಿ. ಬದುಕಿದ್ದವನು ಉತ್ತರ ಕೊಡುತ್ತಾನೆ. ವಾರ್ಷಿಕ ಶುಲ್ಕ ನಿಂತರೆ ನಂಬರು ತಾನಾಗಿ ವಾಪಸಾಗುತ್ತದೆ ಎಂಬ ಸಮಾಧಾನವನ್ನು ಮಾತ್ರ ನಾನು ಒಪ್ಪುವುದಿಲ್ಲ. ಯಾರೋ ಹಣ ಕಟ್ಟುತ್ತಿದ್ದಾರೆ ಎಂದರೆ ಯಾರೋ ಕಾಯುತ್ತಿದ್ದಾರೆ ಎಂದಾಗುವುದಿಲ್ಲ. ದಾಖಲೆಯಿಂದ ಅಳಿಸಿದ ನಂಬರು ಜಗತ್ತಿನ ರೂಟರುಗಳಿಂದ ತಾನಾಗಿ ಅಳಿಯುವುದೂ ಇಲ್ಲ.

ಗಟ್ಟಿಯಾದ ಆಕ್ಷೇಪ ಒಂದೇ. ನೋಂದಣಿ ಸಂಸ್ಥೆ ಪೊಲೀಸನಾಗಲು ಹೊರಟರೆ ತಾನೇ ಮುಳುಗುತ್ತದೆ ಎನ್ನುವುದು. ಅದಕ್ಕೆ ಸಾಕ್ಷಿಯಾಗಿ ಮತ್ತೆ ಆಫ್ರಿನಿಕ್ಕನ್ನೇ ತೋರಿಸುತ್ತಾರೆ. 2021ರಲ್ಲಿ ಅದು ಕ್ಲೌಡ್ ಇನ್ನೊವೇಶನ್ ಎಂಬ ಕಂಪನಿಯ 60 ಲಕ್ಷಕ್ಕೂ ಹೆಚ್ಚು ವಿಳಾಸಗಳನ್ನು ಹಿಂಪಡೆಯಲು ಹೊರಟಿತು. ಕಂಪನಿ ಮಾರಿಷಸ್‌ನ ನ್ಯಾಯಾಲಯಕ್ಕೆ ಹೋಯಿತು, ಆಫ್ರಿನಿಕ್‌ನ ಬ್ಯಾಂಕ್ ಖಾತೆಗಳು ಸ್ತಂಭಿಸಿದವು, 2023ರಲ್ಲಿ ಸಂಸ್ಥೆಗೆ ನ್ಯಾಯಾಲಯವೇ ಆಡಳಿತಗಾರರನ್ನು ನೇಮಿಸಬೇಕಾಯಿತು. ಈ ಪಾಠವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಅಲ್ಲಿ ನಡೆದದ್ದು ಬದುಕಿರುವ, ಬಳಸುತ್ತಿರುವ, ವಕೀಲರನ್ನಿಟ್ಟು ಹೋರಾಡುವ ಕಂಪನಿಯಿಂದ ಕಿತ್ತುಕೊಳ್ಳುವ ಪ್ರಯತ್ನ. ನಾನು ಕೇಳುತ್ತಿರುವುದು ಕಿತ್ತುಕೊಳ್ಳುವುದನ್ನಲ್ಲ, ಬೀಗ ಹಾಕುವುದನ್ನು. ಒಡೆಯ ಬಂದು ಕೇಳಿದ ದಿನ ತೆಗೆಯಬಹುದಾದ ಬೀಗ.

ಅಂಥ ಬೀಗ ಈಗಾಗಲೇ ಇದೆ. ಎಎಸ್ ಸೊನ್ನೆ ಎಂಬ ನಂಬರನ್ನು ಯಾವ ಜಾಲವೂ ಬಳಸುವಂತಿಲ್ಲ. ಒಂದು ಗುಚ್ಛದ ಹಳೆಯ ರೋವಾಗಳನ್ನೆಲ್ಲ ಅಳಿಸಿ ಎಎಸ್ ಸೊನ್ನೆಯ ರೋವಾ ಮಾತ್ರ ಇಟ್ಟರೆ, ಈ ವಿಳಾಸಗಳನ್ನು ಸದ್ಯ ಯಾರೂ ಸಾರಬಾರದು ಎಂದು ಪರೀಕ್ಷೆ ಮಾಡುವ ಪ್ರತಿ ರೂಟರಿಗೂ ಹೇಳಿದಂತೆ. ಯಾರಿಗೂ ಹಂಚದೆ ಉಳಿದ ವಿಳಾಸಗಳಿಗೆ ಎಪಿನಿಕ್ 2020ರಿಂದಲೇ ಹೀಗೆ ಮಾಡುತ್ತಿದೆ. ತನ್ನ ವ್ಯವಸ್ಥೆ ಬರುವ ಮೊದಲೇ ಕೊಟ್ಟಿದ್ದ ಹಳೆಯ ಗುಚ್ಛಗಳ ಒಡೆಯರು 2022ರ ಕೊನೆಯೊಳಗೆ ಬಂದು ಖಾತೆ ಮಾಡಿಸಿಕೊಳ್ಳಬೇಕೆಂದು ಗಡುವನ್ನೂ ಕೊಟ್ಟಿತು. ಆಕಾಶ ಬೀಳಲಿಲ್ಲ.

ಇರಿನ್ ಇನ್ನೊಂದು ಹೆಜ್ಜೆ ಮುಂದೆ ಹೋಗಲಿ. ವರ್ಷಕ್ಕೊಮ್ಮೆ ಪ್ರತಿಯೊಬ್ಬ ನೋಂದಾಯಿತನಿಗೆ ಇಮೇಲ್ ಮಾತ್ರವಲ್ಲ, ಫೋನ್ ಮತ್ತು ರಿಜಿಸ್ಟರ್ಡ್ ಪತ್ರದ ಮೂಲಕವೂ ವಿಚಾರಿಸಲಿ. ನಮ್ಮ ಊರುಗಳಿಗೆ ಬರುವ ಪತ್ರ ಕನ್ನಡದಲ್ಲಿರಲಿ. ಆರು ತಿಂಗಳು ಉತ್ತರವಿಲ್ಲದಿದ್ದರೆ, ದಾರಿಪಟ್ಟಿಯಲ್ಲೂ ಸುಳಿವಿಲ್ಲದಿದ್ದರೆ, ಬೀಗ ಹಾಕಿ ಆ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಲೈಸೆನ್ಸ್ ಕೊಡುವುದು ಸಂಪರ್ಕ ಸಚಿವಾಲಯದ ದೂರಸಂಪರ್ಕ ಇಲಾಖೆ. ನಿಕ್ಸಿ ಇರುವುದು ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಕೆಳಗೆ. ಲೈಸೆನ್ಸ್ ಒಪ್ಪಿಸಿದ ಸುದ್ದಿ ಒಂದು ಸಚಿವಾಲಯದಿಂದ ಇನ್ನೊಂದಕ್ಕೆ ಅದೇ ವಾರ ತಲುಪುವ ವ್ಯವಸ್ಥೆಯಾಗಲಿ. ಸೈಬರ್ ಅಪಘಾತವನ್ನು ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕಟ್ಟಪ್ಪಣೆ ಮಾಡಿದೆ. ಮುಚ್ಚಿದ ಕಂಪನಿಯ ಪರವಾಗಿ ಆ ವರದಿ ಕೊಡುವವರು ಯಾರು ಎಂಬುದನ್ನೂ ಹೇಳಬೇಕಿತ್ತು. ಬ್ಯಾಂಡ್‌ವಿಡ್ತ್ ಮಾರುವ ದೊಡ್ಡ ಕಂಪನಿಗಳಂತೂ ಹಳೆಯ ನಂಬರು ಹೊತ್ತು ಹೊಸದಾಗಿ ಬಂದ ಗಿರಾಕಿಯ ಲೆಟರ್‌ಹೆಡ್ ನೋಡಿ ಸಹಿ ಹಾಕುವುದನ್ನು ಇವತ್ತೇ ನಿಲ್ಲಿಸಬೇಕು. ಬಿಟ್‌ಕೆನಾಲನ್ನು ಕೊನೆಗೂ ನಿಲ್ಲಿಸಿದವರು ಅಪ್‌ಸ್ಟ್ರೀಮ್‌ಗಳೇ ಎಂಬುದನ್ನು ಮರೆಯಬಾರದು.

ಭಟ್ಕಳ, ಹೊನ್ನಾವರ, ಕುಮಟಾದ ಆಪರೇಟರುಗಳಿಗೆ ನನ್ನ ಕೋರಿಕೆ ಬೇರೆ. ವ್ಯವಹಾರ ಬದಲಾಯಿಸಿದವರು, ಪಾಲುದಾರಿಕೆ ಮುರಿದವರು, ದೊಡ್ಡವರಿಗೆ ಮಾರಿದವರು ತಮ್ಮ ಹಳೆಯ ಕಡತ ತೆಗೆದು ಕಂಪನಿಯ ಹೆಸರಿನಲ್ಲಿ ಯಾವುದಾದರೂ ಎಎಸ್ ನಂಬರ್ ಅಥವಾ ವಿಳಾಸ ಗುಚ್ಛ ಇದೆಯೇ ಎಂದು, ನಂಬರು ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಹೂಈಸ್ ದಾಖಲೆಯಲ್ಲಿ ನೋಡಲಿ. ಅದಕ್ಕೆ ದುಡ್ಡು ಬೇಡ. ಇದ್ದರೆ ಸಂಪರ್ಕದ ಇಮೇಲ್ ಬದಲಿಸಲಿ, ಹಳೆಯ ಡೊಮೇನನ್ನು ಬಿಟ್ಟುಕೊಡದಿರಲಿ, ಹಳೆಯ ರೋವಾ ಅಳಿಸಲಿ. ಬೇಡವೆನಿಸಿದರೆ ಇರಿನ್‌ಗೆ ಬರೆದು ವಾಪಸು ಮಾಡಲಿ. ಹೊಸ ಆಪರೇಟರುಗಳಿಗೆ ಇವತ್ತು ಸಿಗುವುದು ಗರಿಷ್ಠ 512 ವಿಳಾಸ. ಹೀಗೆ ಶುದ್ಧವಾಗಿ ವಾಪಸಾದ ಪ್ರತಿಯೊಂದು ಗುಚ್ಛವೂ ಅವರಲ್ಲಿ ಯಾರದೋ ಪಾಲಿಗೆ ಹೋಗುತ್ತದೆ.