ಎಣ್ಣೆ ಇಳಿದರೂ ನಮಗೇ ಏಟು, ಏರಿದರೂ ನಮಗೇ ಏಟು

ಅರಬ್ ದೇಶದ ಕಚ್ಚಾ ಎಣ್ಣೆಗೂ ಸುಳ್ಯದ ರಬ್ಬರ್ ಗುಡ್ಡೆಗೂ ಏನು ಸಂಬಂಧ? ಪೇಪರಿನಲ್ಲಿ ಬ್ಯಾರಲ್ ಲೆಕ್ಕ ಕಂಡ ಕೂಡಲೆ ಕ್ರಿಕೆಟ್ ಪುಟಕ್ಕೆ ಹಾರುವ ಹಾಸ್ಟೆಲ್ ಗೆಳೆಯರೆ, ಸ್ವಲ್ಪ ನಿಲ್ಲಿ. ಆ ಲೆಕ್ಕದಲ್ಲಿ ನಮ್ಮ ಮನೆಯ ಅನ್ನವೂ ಸೇರಿದೆ.

ಪುತ್ತೂರು, ಸುಳ್ಯ, ಕಡಬದ ಗುಡ್ಡೆಗಳಲ್ಲಿ ಬೆಳಕು ಹರಿಯುವ ಮೊದಲೇ ನಮ್ಮವರು ಮರ ಕೆತ್ತಿ ಗೆರಟೆಗೆ ಹಾಲು ಇಳಿಸುತ್ತಾರೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಸಿಲೋನಿನಿಂದ ಬಂದ ತಮಿಳು ಕುಟುಂಬಗಳೂ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಇದೇ ಕೆಲಸಕ್ಕೆ ನಿಂತವು. ಟಯರ್ ಕಾರ್ಖಾನೆಗೆ ಎರಡು ರಬ್ಬರ್ ಬೇಕು: ಒಂದು ನಮ್ಮ ಮರದ್ದು, ಇನ್ನೊಂದು ಕಚ್ಚಾ ಎಣ್ಣೆಯಿಂದ ಮಾಡಿದ ಕೃತಕ ರಬ್ಬರ್. ಎಣ್ಣೆ ಅಗ್ಗವಾದರೆ ಕೃತಕ ರಬ್ಬರ್ ಅಗ್ಗ. ಆಗ ಮರದ ರಬ್ಬರಿನ ಬೆಲೆಯೂ ಜಗ್ಗುತ್ತದೆ.

2011ರಲ್ಲಿ ಬ್ಯಾರಲ್ ನೂರು ಡಾಲರ್ ದಾಟಿತ್ತು, ರಬ್ಬರ್ ಕಿಲೋಗೆ 240 ರೂಪಾಯಿ ಮುಟ್ಟಿತ್ತು. 2016ರ ಆರಂಭದಲ್ಲಿ ಬ್ಯಾರಲ್ ಮೂವತ್ತು ಡಾಲರಿಗಿಂತ ಕೆಳಗೆ ಬಿತ್ತು, ರಬ್ಬರ್ ನೂರರ ಕೆಳಗೆ ಬಂತು. ಎಣ್ಣೆಯೊಂದೇ ಕಾರಣ ಅಂತ ನಾವು ಹೇಳುವುದಿಲ್ಲ. ಮಳೆ, ಆಮದು, ಟಯರ್ ವ್ಯಾಪಾರ ಎಲ್ಲ ಸೇರುತ್ತದೆ. 2024ರಲ್ಲಿ ಎಣ್ಣೆ ಅಷ್ಟೇನೂ ಏರದಿದ್ದರೂ ರಬ್ಬರ್ 240 ದಾಟಿತು. ಆದರೆ ಬೆಲೆ ಬಿದ್ದ ದಿನ ಒಡೆಯ ಏನು ಮಾಡುತ್ತಾನೆ? ಟ್ಯಾಪಿಂಗ್ ನಿಲ್ಲಿಸುತ್ತಾನೆ. ಮರ ಕಾಯುತ್ತದೆ. ಹೊಟ್ಟೆ ಕಾಯುತ್ತದೆಯೆ?

ಹೋಗಲಿ, ಎಣ್ಣೆ ಇಳಿದಾಗ ಡೀಸೆಲ್ಲಾದರೂ ಇಳಿಯಿತೆ? 2020ರಲ್ಲಿ ಕೊರೊನಾದಿಂದ ಲೋಕವೇ ಬಾಗಿಲು ಹಾಕಿತು. ಎಣ್ಣೆ ಕೇಳುವವರಿಲ್ಲ. ಏಪ್ರಿಲ್ 20ರಂದು ಅಮೆರಿಕದ ಮಾರುಕಟ್ಟೆಯಲ್ಲಿ ಬೆಲೆ ಸೊನ್ನೆಗಿಂತಲೂ ಕೆಳಗಿಳಿಯಿತು. ಮುಂದಿನ ತಿಂಗಳೇ ಕೇಂದ್ರ ಸರ್ಕಾರ ಪೆಟ್ರೋಲಿಗೆ 10, ಡೀಸೆಲ್ಲಿಗೆ 13 ರೂಪಾಯಿ ತೆರಿಗೆ ಏರಿಸಿತು. ಇಳಿದ ಲಾಭ ಖಜಾನೆಗೆ. 2022ರಲ್ಲಿ ಉಕ್ರೇನ್ ಯುದ್ಧದಿಂದ ಎಣ್ಣೆ ಏರಿದಾಗ ಹೊರೆ ಯಾರಿಗೆ? ಗ್ಯಾಸಿಗೆ, ಅಕ್ಕಿ ಲಾರಿಗೆ ದುಡ್ಡು ಕೊಡುವ ನಮಗೆ.

ಈಗ ಮುಂದಿನ ಮಾತು. 2024ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳಿತು: 2030ರ ಹೊತ್ತಿಗೆ ಲೋಕದ ಬೇಡಿಕೆ ದಿನಕ್ಕೆ ಸುಮಾರು 10.6 ಕೋಟಿ ಬ್ಯಾರಲಿಗೆ ಬಂದು ನಿಲ್ಲುತ್ತದೆ, ಪೂರೈಕೆ ಅದಕ್ಕಿಂತ ಹೆಚ್ಚಾಗುತ್ತದೆ. ಎಣ್ಣೆ ಮಾರುವ ದೇಶಗಳ ಕೂಟವಾದ ಒಪೆಕ್ ಅದೇ ವರ್ಷ ಹೇಳಿತು: ಇಲ್ಲ, 2050ಕ್ಕೆ ಬೇಡಿಕೆ 12 ಕೋಟಿ ಆಗುತ್ತದೆ. ಮಾರುವವನು ಬೇಡಿಕೆ ಏರುತ್ತದೆ ಅನ್ನದೆ ಇನ್ನೇನು ಅಂದಾನು! ಯಾರ ಮಾತು ನಿಜವಾದರೂ, ತನಗೆ ಬೇಕಾದ ಕಚ್ಚಾ ಎಣ್ಣೆಯ ಶೇಕಡಾ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುವ ನಮ್ಮ ದೇಶಕ್ಕೆ ಏರಿಳಿತ ತಪ್ಪಿದ್ದಲ್ಲ. ಅದಕ್ಕೇ ಸರ್ಕಾರ ಮಂಗಳೂರಿನಲ್ಲೂ ಪಾದೂರಿನಲ್ಲೂ ನೆಲದಡಿ ಬಂಡೆ ಕೊರೆದು 40 ಲಕ್ಷ ಟನ್ ಎಣ್ಣೆಗೆ ಜಾಗ ಮಾಡಿದೆ. ದೇಶಕ್ಕೆ ಕಷ್ಟಕಾಲದ ಗುಹೆ ಇದೆ. ಕೂಲಿಯವನ ಕಷ್ಟಕಾಲಕ್ಕೆ ಯಾವ ಗುಹೆ?

ಕೇರಳ ಸರ್ಕಾರ 2015ರಲ್ಲಿ ಸಣ್ಣ ಬೆಳೆಗಾರರಿಗೆ ಕಿಲೋಗೆ 150 ರೂಪಾಯಿ ಆಧಾರ ದರ ಕೊಟ್ಟಿತು. ಕೊಡಲಿ, ಬೇಡ ಅನ್ನುವುದಿಲ್ಲ. ಮರ ಇದ್ದವನಿಗೆ ಆಧಾರ ಸಿಕ್ಕಿತು. ಕತ್ತಿ ಮಾತ್ರ ಇದ್ದವನಿಗೆ?

ನಾವು ಕೇಳುವುದು ಎರಡೇ. ಬೆಲೆ ಬಿದ್ದು ಟ್ಯಾಪಿಂಗ್ ನಿಂತ ದಿನಗಳಿಗೂ ಕೂಲಿಯವನಿಗೆ ಪರಿಹಾರ ಬೇಕು. ಕನಿಷ್ಠ ಕೂಲಿಯ ಜತೆ ಸರ್ಕಾರ ಏರಿಸುವ ತುಟ್ಟಿಭತ್ಯೆ ಕಾಗದದಲ್ಲಿ ಉಳಿಯದೆ ಕೈಗೆ ಬರಬೇಕು.

ಓದಿದ ಹುಡುಗ ಹುಡುಗಿಯರ ಕೆಲಸ ಇಲ್ಲಿದೆ. ರಜೆಗೆ ಊರಿಗೆ ಹೋದಾಗ ಅಪ್ಪ ಅವ್ವನ ಕೂಲಿ ಎಷ್ಟು ಅಂತ ಕೇಳಿ ಬರೆದುಕೊಳ್ಳಿ. ಕಾರ್ಮಿಕ ಇಲಾಖೆಯ ಈ ವರ್ಷದ ದರ ಪಕ್ಕದಲ್ಲಿ ಬರೆಯಿರಿ. ಎರಡರ ನಡುವಿನ ವ್ಯತ್ಯಾಸವನ್ನು ಮುಂದಿನ ಸಭೆಗೆ ತನ್ನಿ. ಬ್ಯಾರಲಿನ ಲೆಕ್ಕ ಅವರು ಇಟ್ಟುಕೊಳ್ಳಲಿ. ಗೆರಟೆಯ ಲೆಕ್ಕ ನಾವು ಇಡೋಣ.