ಬೀಗ ತೆಗೆದ ಅಡುಗೆಮನೆ

ಮೇ ತಿಂಗಳ ಕೊನೆಯ ವಾರ. ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯ ಸರ್ಕಾರಿ ಶಾಲೆಗಳಲ್ಲಿ ಬೇಸಿಗೆ ರಜೆ ಮುಗಿದು, ಬಿಸಿಯೂಟದ ಕೋಣೆಯ ಬೀಗ ತೆಗೆಯುವ ಹೊತ್ತು. ಬಾಗಿಲು ದೂಡಿದೊಡನೆ ಕಮಟು ವಾಸನೆ. ಮೂಲೆಯಲ್ಲಿ ಜೇಡರ ಬಲೆ, ಕಟ್ಟೆಯ ಮೇಲೆ ಇಲಿಯ ಹಿಕ್ಕೆ, ಒಲೆಯ ಹಿಂದಿನ ಗೋಡೆಗೆ ಕೈ ಇಟ್ಟರೆ ಅಂಟಿಕೊಳ್ಳುವ ಕರಿ ಜಿಡ್ಡು, ತಳದಲ್ಲಿ ಬಿಳಿ ಪದರ ಕಟ್ಟಿದ ಡಬರಿಗಳು. 'ಒಂದ್ ನಾಕ್ ಕೊಡ ನೀರು ಹೊಡದ್ ಬಿಟ್ರ ಆತ್ರೀ ಸರ್' ಎಂಬ ಮಾತು ಇಂಥಲ್ಲಿ ಕೇಳಿಬರುವುದು ಸಹಜ. ಆದರೆ ನೀರು ಹೊಡೆದ ಮೇಲೂ ಜಿಡ್ಡು ಜಿಡ್ಡಾಗಿಯೇ, ಬಿಳಿ ಪದರ ಬಿಳಿಯಾಗಿಯೇ ಉಳಿಯುತ್ತದೆ. ಕೊಳೆ ಎಂಬುದು ಒಂದೇ ವಸ್ತುವಲ್ಲ. ಒಂದೊಂದು ಬಗೆಯ ಕೊಳೆಗೆ ಒಂದೊಂದು ಮದ್ದು. ಮದ್ದು ತಪ್ಪಿದರೆ ಶ್ರಮವೂ ದಂಡ, ಪಾತ್ರೆಯೂ ದಂಡ. ಕೆಲವೊಮ್ಮೆ ಪ್ರಾಣಕ್ಕೂ ಅಪಾಯ.

ಅಕ್ಷರ ದಾಸೋಹ 2002ರಲ್ಲಿ ಮೊದಲು ಕಾಲಿಟ್ಟದ್ದು ರಾಜ್ಯದ ಉತ್ತರ ಭಾಗದ ಜಿಲ್ಲೆಗಳಿಗೆ. ಬಳ್ಳಾರಿಯೂ ಅವುಗಳಲ್ಲೊಂದು. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹೊಸಪೇಟೆ, ಹಂಪಿ ಆಗ ಬಳ್ಳಾರಿಯಲ್ಲೇ ಇದ್ದವು. ಅಂದಿನಿಂದ ಈ ಅಡುಗೆಮನೆಗಳು ಅತಿ ದೀರ್ಘಕಾಲ ಮುಚ್ಚಿದ್ದು ಕೊರೋನಾ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಆರಿದ ಒಲೆ ಮತ್ತೆ ಹೊತ್ತಿದ್ದು 2021ರ ಅಕ್ಟೋಬರ್‌ನಲ್ಲಿ. ಒಂದೂವರೆ ವರ್ಷ ಬೀಗ ಬಿದ್ದ ಕೋಣೆಯನ್ನು ಕೆಲವೇ ದಿನಗಳಲ್ಲಿ ಮಕ್ಕಳ ಊಟಕ್ಕೆ ಅಣಿಗೊಳಿಸಬೇಕಾದ ಕೆಲಸ ಅಡುಗೆಯ ಮಹಿಳೆಯರ ಪಾಲಿಗೆ ಬಂತು. ಅಷ್ಟು ದೀರ್ಘವಲ್ಲದಿದ್ದರೂ ಪ್ರತಿ ಬೇಸಿಗೆಯ ನಂತರ ಅದೇ ಕೆಲಸ. ಮಗನ ಮನೆಗೆಂದು ಬೆಂಗಳೂರಿಗೆ ಹೋಗಿ ಆರು ತಿಂಗಳ ಮೇಲೆ ಊರಿಗೆ ಮರಳುವ ಹಿರಿಯರ ಅಡುಗೆಮನೆಯ ಕಥೆಯೂ ಇದೇ.

ಮೊದಲ ಕೆಲಸ ಪೊರಕೆ ಹಿಡಿಯುವುದಲ್ಲ, ಬಾಗಿಲು ಕಿಟಕಿ ತೆರೆಯುವುದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದ್ದರೆ ಮೇಲೇರದೆ ನೆಲಮಟ್ಟದಲ್ಲಿ ನಿಂತಿರುತ್ತದೆ. ವಾಸನೆ ಬಂದರೆ ಲೈಟಿನ ಸ್ವಿಚ್ಚನ್ನೂ ಮುಟ್ಟಬಾರದು, ಅದರ ಕಿಡಿಯೊಂದೇ ಸಾಕು. ರಬ್ಬರ್ ಕೊಳವೆಯನ್ನು ಇಲಿ ಕಡಿದಿದೆಯೇ, ಅದು ಬಿರುಕು ಬಿಟ್ಟಿದೆಯೇ ಎಂದು ನೋಡಿಯೇ ಮುಂದಿನ ಮಾತು.

ಎರಡನೆಯದು, ಎಸೆಯುವುದು. ಕಮಟಿದ ಎಣ್ಣೆ, ಬೂಷ್ಟು ಹಿಡಿದ ಬೇಳೆ, ಹೆಸರು ಬರೆಯದ ಡಬ್ಬಿಯಲ್ಲಿನ ಬಿಳಿ ಪುಡಿ, ಇವುಗಳ ಮೇಲೆ ಮಮತೆ ಬೇಡ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಹಳ್ಳಿ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೋನೋಕ್ರೋಟೋಫಾಸ್ ಎಂಬ ಕೀಟನಾಶಕ ಸೇರಿತ್ತು. ಎಣ್ಣೆ ಸರಿಯಿಲ್ಲವೆಂದು ಅಡುಗೆಯಾಕೆ ಮೊದಲೇ ಹೇಳಿದ್ದರೆಂದೂ ಆಗ ವರದಿಯಾಗಿತ್ತು. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆಯಲ್ಲಿ ಔಷಧದ ಖಾಲಿ ಡಬ್ಬಿಗಳಿಗೆ ಬರವಿಲ್ಲ. ಎಷ್ಟೇ ತೊಳೆದರೂ ಅವು ಅಡುಗೆಮನೆಗೆ ಬರಬಾರದು.

ಮೂರನೆಯದು, ಇಲಿಯ ಹಿಕ್ಕೆ. ಅದನ್ನು ಒಣಗಿದ್ದಾಗಲೇ ಗುಡಿಸಿದರೆ ಧೂಳೆದ್ದು ಮೂಗಿಗೆ ಹೋಗುತ್ತದೆ. ಮೊದಲು ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಒದ್ದೆ ಬಟ್ಟೆಯಿಂದ ಬಾಚಬೇಕು. ಇಲಿಜ್ವರದ ಸೂಕ್ಷ್ಮಾಣು ಇಲಿಯ ಮೂತ್ರದಲ್ಲಿದ್ದು ಕೈಯ ಸಣ್ಣ ಗಾಯದಿಂದಲೂ ಒಳಹೊಗಬಲ್ಲದು. ಆದ್ದರಿಂದ ಕೈಗವಸು ಶೋಕಿಯಲ್ಲ. ಹಲ್ಲಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮನೆಯ ಹಲ್ಲಿಗೆ ವಿಷವಿಲ್ಲ. ಆದರೆ ಅದರ ಹಿಕ್ಕೆಯಲ್ಲಿ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಇರಬಹುದು. ಹಲ್ಲಿ ಬಿದ್ದ ಸಾರನ್ನು ಚೆಲ್ಲಬೇಕೆಂಬುದು ಸರಿ. ಒಲೆಯ ಮೇಲಿನ ಸೂರನ್ನು ಶುಚಿಯಾಗಿಡುವುದು, ಪಾತ್ರೆಗೆ ಮುಚ್ಚಳ ಹಾಕುವುದು ಇನ್ನೂ ಸರಿ.

ಈಗ ಗೋಡೆಯ ಜಿಡ್ಡಿಗೆ ಬರೋಣ. ಬಾಣಲೆಯಿಂದ ಹಾರಿ ಗೋಡೆಗೆ ಕೂತ ಎಣ್ಣೆ ಮೊದಲ ದಿನ ಬರೀ ಎಣ್ಣೆಯೇ. ಸೋಪಿನ ನೀರಿಗೆ ಬಿಟ್ಟುಬರುತ್ತದೆ. ದಿನ ಕಳೆದಂತೆ ಅದು ಗಾಳಿಯ ಆಮ್ಲಜನಕವನ್ನು ಹೀರಿ, ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಂತಾಗುತ್ತವೆ. ಎಣ್ಣೆ ಆಗ ಅಂಟಾಗುತ್ತದೆ, ಆಮೇಲೆ ಗಟ್ಟಿ ಪೊರೆಯಾಗುತ್ತದೆ. ಎಲ್ಲ ಎಣ್ಣೆಗಳಿಗೂ ಈ ಗುಣ ಒಂದೇ ಪ್ರಮಾಣದಲ್ಲಿಲ್ಲ. ಇದನ್ನು ಅಳೆಯಲು ರಸಾಯನ ವಿಜ್ಞಾನದಲ್ಲಿ ಅಯೋಡಿನ್ ಸಂಖ್ಯೆ ಎಂಬುದಿದೆ. ಶೇಂಗಾ ಎಣ್ಣೆಗೆ ಅದು ಸುಮಾರು 90, ಸೂರ್ಯಕಾಂತಿಗೆ 130ರ ಆಸುಪಾಸು, ಕುಸುಬೆಗೆ 140, ಅಗಸೆ ಎಣ್ಣೆಗೆ 170ಕ್ಕೂ ಹೆಚ್ಚು. ಸಂಖ್ಯೆ ಹೆಚ್ಚಿದಷ್ಟೂ ಎಣ್ಣೆ ಬೇಗ ಪೊರೆಗಟ್ಟುತ್ತದೆ. ಅಗಸೆ ಎಣ್ಣೆಯನ್ನು ಬಣ್ಣ ತಯಾರಿಸಲು ಬಳಸುವುದು ಇದಕ್ಕಾಗಿಯೇ. ಶೇಂಗಾ ಎಣ್ಣೆಯ ಮನೆಗಿಂತ ಸೂರ್ಯಕಾಂತಿ, ಕುಸುಬೆ ಎಣ್ಣೆಯ ಮನೆಯ ಗೋಡೆ ಹೆಚ್ಚು ಅಂಟಾಗುವುದೂ ಇದಕ್ಕೇ.

ಸಂಡೂರಿನಲ್ಲಿ ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಅಲ್ಲಿಯ ಕೆಂಧೂಳು ಬಹುಪಾಲು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಗಣಿ ಲಾರಿಗಳ ಅಬ್ಬರ ಜೋರಾಗಿದ್ದ ವರ್ಷಗಳಲ್ಲಿ ದಾರಿಯ ಬದಿಯ ಮನೆ, ಮರ, ಎಮ್ಮೆ ಎಲ್ಲವೂ ಕೆಂಪಾಗಿದ್ದವು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಗೆ ತಡೆ ಹಾಕಿ, ಅನಂತರ ಮಿತಿಯೊಳಗೆ ಅವಕಾಶ ಕೊಟ್ಟಿತು. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಬಳಿಯುವ ರೆಡ್ ಆಕ್ಸೈಡ್ ಬಣ್ಣದಲ್ಲಿ ಇರುವುದಾದರೂ ಏನು? ಇದೇ ಕಬ್ಬಿಣದ ಆಕ್ಸೈಡ್ ಮತ್ತು ಒಣಗಿ ಪೊರೆಗಟ್ಟುವ ಎಣ್ಣೆ. ಸಂಡೂರಿನ ಅಡುಗೆಮನೆಯ ಗೋಡೆಯ ಮೇಲೆ ಯಾರೂ ಬಳಿಯದೆಯೇ ಅದೇ ಬಣ್ಣ ತಯಾರಾಗುತ್ತದೆ! ಹೆಮಟೈಟ್ ಸೋಪಿಗೂ ಸೋಡಾಕ್ಕೂ ಕರಗದು, ಹುಣಸೆಹುಳಿಗೂ ಸುಲಭವಾಗಿ ಬಗ್ಗದು. ಅದನ್ನು ಹಿಡಿದಿಟ್ಟ ಎಣ್ಣೆಯನ್ನು ಬಿಡಿಸಿದರೆ ಮಾತ್ರ ಧೂಳು ತಾನಾಗಿ ಉದುರುತ್ತದೆ. ಹೊಗೆಯ ಮಸಿಗೂ ಇದೇ ನ್ಯಾಯ.

ಎಣ್ಣೆಯನ್ನು ಬಿಡಿಸಲು ಬೇಕಾದ್ದು ಕ್ಷಾರ. ಹತ್ತು ಲೀಟರ್ ಬಿಸಿನೀರಿಗೆ ಸುಮಾರು 200 ಗ್ರಾಂ ಬಟ್ಟೆಸೋಡಾ ಸಾಕು. ಸೋಡಾ ಜಿಡ್ಡಿನ ಕೊಂಡಿಗಳನ್ನು ಕಡಿದು ಅದರ ಒಂದಂಶವನ್ನು ಸಾಬೂನಾಗಿಯೇ ಮಾರ್ಪಡಿಸುತ್ತದೆ. ಆದರೆ ಅದಕ್ಕೆ ಸಮಯ ಬೇಕು. ಹಳೆಯ ಬಟ್ಟೆಯನ್ನು ಈ ನೀರಿನಲ್ಲಿ ಅದ್ದಿ ಗೋಡೆಗೆ ಅಂಟಿಸಿ ಅರ್ಧ ಗಂಟೆ ಬಿಟ್ಟರೆ, ತಿಕ್ಕಾಟದ ಮುಕ್ಕಾಲು ಪಾಲು ಉಳಿಯುತ್ತದೆ. ಕೆಲಸ ಮೇಲಿನಿಂದ ಕೆಳಕ್ಕೆ ಸಾಗಲಿ. ಮೊದಲು ಸೂರು, ಆಮೇಲೆ ಗೋಡೆ, ಕಟ್ಟೆ, ಕೊನೆಗೆ ನೆಲ. ಒಂದು ಎಚ್ಚರಿಕೆ: ಅಲ್ಯುಮಿನಿಯಂ ಪಾತ್ರೆಗೆ ಸೋಡಾ ಸಲ್ಲದು. ಕ್ಷಾರ ಆ ಲೋಹವನ್ನೇ ತಿನ್ನುತ್ತದೆ, ಪಾತ್ರೆ ಕಪ್ಪಾಗುತ್ತದೆ.

ಬೂದಿಯಿಂದ ಪಾತ್ರೆ ಬೆಳಗುವ ಅಜ್ಜಿಯರ ಪದ್ಧತಿಯೂ ಇದೇ ವಿಜ್ಞಾನ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರ ಇರುವುದರಿಂದ ಜಿಡ್ಡು ಹೋಗುತ್ತದೆ. ಆದರೆ ಕಂಪ್ಲಿಯ ಅಕ್ಕಿ ಗಿರಣಿಯಿಂದ ತಂದ ಹೊಟ್ಟಿನ ಬೂದಿ ಬೇರೆಯೇ. ಭತ್ತದ ಹೊಟ್ಟು ಉರಿದರೆ ಅದರ ತೂಕದ ಐದನೇ ಒಂದರಷ್ಟು ಬೂದಿ ಉಳಿಯುತ್ತದೆ. ಅದರಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ದ್ರವ್ಯ. ಜಿಡ್ಡು ಕರಗಿಸುವ ಶಕ್ತಿ ಅದಕ್ಕೆ ಕಡಿಮೆ, ತರಚುವ ಶಕ್ತಿ ಹೆಚ್ಚು. ಸೀದ ತಳಕ್ಕೆ, ತುಕ್ಕು ಹಿಡಿದ ಕಬ್ಬಿಣದ ಬಾಣಲೆಗೆ ಅದು ಒಳ್ಳೆಯದು. ಹೊಳೆಯುವ ಸ್ಟೀಲ್ ತಟ್ಟೆಗೆ ಬೇಡ. ಗೀರು ಬಿದ್ದಲ್ಲಿ ಮುಂದೆ ಕೊಳೆ ಕೂರುತ್ತದೆ.

ಬಿಳಿ ಪದರ ಜಿಡ್ಡಲ್ಲ, ಕೊಳವೆಬಾವಿಯ ಗಡಸು ನೀರು ಬಿಟ್ಟುಹೋದ ಸುಣ್ಣದಂಶ. ಇದಕ್ಕೆ ಸೋಡಾ ಏನೂ ಮಾಡದು; ಹುಳಿ ಬೇಕು. ಹುಣಸೆಹಣ್ಣಿನ ಅಥವಾ ನಿಂಬೆಯ ರಸ ಹಾಕಿ ಕುದಿಸಿದರೆ ಸುಣ್ಣ ನೊರೆಯುತ್ತ ಬಿಡುತ್ತದೆ. ಆದರೆ ಈ ಹುಳಿಯನ್ನು ಕಟ್ಟೆಯ ಮೇಲೆ ಚೆಲ್ಲಬಾರದು. ನಮ್ಮ ಕಡೆಯ ಅಡುಗೆಕಟ್ಟೆಗಳು ಹೆಚ್ಚಾಗಿ ಕಡಪ ಕಲ್ಲಿನವು, ನೆಲ ಶಹಾಬಾದಿನದು. ಎರಡೂ ಸುಣ್ಣದ ಕಲ್ಲುಗಳು. ಹುಳಿ ಬಿದ್ದರೆ ಕಲ್ಲೇ ಕರಗಿ ಬಿಳಿ ಕಲೆ ನಿಲ್ಲುತ್ತದೆ. ಆ ಕಲೆ ಕೊಳೆಯಲ್ಲ, ಗಾಯ, ತಿಕ್ಕಿದರೆ ಹೋಗದು. ಕಕ್ಕಸು ತೊಳೆಯುವ ಆಸಿಡ್ ಸುರಿದವರ ನೆಲ ಮರುದಿನವೇ ಹೊಳಪು ಕಳೆದುಕೊಳ್ಳುವುದು ಹೀಗೆ.

ಕೊನೆಯದು ಬ್ಲೀಚಿಂಗ್ ಪುಡಿ. ಅದು ರೋಗಾಣು ಕೊಲ್ಲುತ್ತದೆ, ಜಿಡ್ಡು ತೆಗೆಯುವುದಿಲ್ಲ. ಕೊಳೆಯ ಮೇಲೆಯೇ ಹಾಕಿದರೆ ಅದರ ಶಕ್ತಿ ಕೊಳೆಗೇ ಖರ್ಚಾಗುತ್ತದೆ. ಆದ್ದರಿಂದ ಸ್ವಚ್ಛ ತೊಳೆದ ಮೇಲಷ್ಟೇ ಅದರ ಸರದಿ. ಲೀಟರ್ ನೀರಿಗೆ ಮೂರು ಗ್ರಾಂ, ಅಂದರೆ ಸುಮಾರು ಒಂದು ಚಹಾ ಚಮಚ ಹೊಸ ಪುಡಿ ಕಲಸಿ, ಮೇಲಿನ ತಿಳಿ ಬಸಿದು, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಬೇಕು. ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್ಡನ್ನು ಎಂದೂ ಬೆರೆಸಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮೊದಲ ಮಹಾಯುದ್ಧದಲ್ಲಿ 1915ರಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಇಂದಿಗೂ ಅಷ್ಟೇ ಕ್ರೂರಿ.

ಹಂಪಿಗೆ ಹೋದವರು ಕಮಲಾಪುರದ ದಾರಿಯಲ್ಲಿ ಭೋಜನಶಾಲೆ ಎಂದು ಕರೆಯುವ ಜಾಗ ನೋಡಿರಬಹುದು. ಉದ್ದಕ್ಕೆ ಒಂದು ಕಾಲುವೆ, ಅದರ ಎರಡೂ ದಡದಲ್ಲಿ ಕಲ್ಲಿನಲ್ಲೇ ಕಡೆದ ತಟ್ಟೆಗಳ ಸಾಲು. ಉಂಡ ಜಾಗದ ಮಗ್ಗುಲಲ್ಲೇ ಹರಿಯುವ ನೀರು. ಹಸಿ ಜಿಡ್ಡು ಅಲ್ಲಿಯೇ ಹೋಗುತ್ತದೆ, ಪೊರೆಗಟ್ಟಲು ಅದಕ್ಕೆ ದಿನವೇ ಸಿಗುವುದಿಲ್ಲ. ಅಡುಗೆಮನೆಯ ಶುಚಿಯ ಗುಟ್ಟು ಇಷ್ಟೇ. ರಜೆಗೆ ಬೀಗ ಹಾಕುವ ದಿನ ಎರಡು ಗಂಟೆ ತೊಳೆದರೆ, ಬೀಗ ತೆಗೆಯುವಾಗ ಎರಡು ದಿನದ ಕೆಲಸ ಉಳಿಯುತ್ತದೆ.

ಆದರೆ ಆ ಎರಡು ಗಂಟೆ ಯಾರದು? ಸೌದೆ ಒಲೆಯ ಕಾಲದಿಂದ ಇಂದಿನವರೆಗೆ ಬಿಸಿಯೂಟ ಬೇಯಿಸುತ್ತ ಬಂದ ಮಹಿಳೆಯರಿಗೆ ಸಿಗುವುದು ಸಂಬಳವಲ್ಲ, ಗೌರವಧನ, ಅದೂ ಅಲ್ಪ. ಬೀಗ ತೆಗೆದ ದಿನದ ತಿಕ್ಕಾಟವನ್ನೂ ಕೆಲಸವೆಂದು ಎಣಿಸಿ, ಅವರ ಕೈಗೆ ಕೈಗವಸು, ಸೋಡಾ, ಬಿಸಿನೀರು ಒದಗಿಸುವುದು ದೊಡ್ಡ ಖರ್ಚೇನಲ್ಲ. ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ. ಅದಕ್ಕೂ ಮೊದಲು ಪಾಲಿಸಬೇಕಾದ್ದು ಇನ್ನೊಂದು: ಒಲೆಯ ಮುಂದೆ ನಿಂತಾಕೆ 'ಎಣ್ಣಿ ಯಾಕೋ ವಾಸನಿ ಬರ್ತೈತ್ರೀ ಸರ್' ಎಂದರೆ ಅಂದಿನ ಅಡುಗೆಯನ್ನು ಅಲ್ಲಿಗೇ ನಿಲ್ಲಿಸಬೇಕು.